ಕ್ರೋಫೆನ್ನಿನ ಅಳಿಯಕಟ್ಟು

ಚಿನ್ನು, ಮೋನು,

ನಾನು ಊರಿನ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದವಳು. ಹುಟ್ಟಿದಾಗಿನಿಂದ ಆಡಿದ ಮಾತು ತುಳು, ಆದರೆ ಮಾಸ್ಟ್ರು ಬರೆಯಲು ಕಲಿಸಿದ್ದು ಕನ್ನಡ. ಹಾಗಾಗಿ ನೀವು ಇಂಗ್ಲಿಷಿನಲ್ಲಿ ಹೇಳಿದ್ದು, ನಾವು ದೊಡ್ಡವರು ತುಳುವಿನಲ್ಲಿ ಹೇಳಿದ್ದು ಎಲ್ಲವೂ ಇಲ್ಲಿ ನಮ್ಮ ಕಡೆಯ ಕನ್ನಡವಾಗಿ ಬಂದಿದೆ. ಅಕ್ಷರ ಕಷ್ಟವಾದರೆ ಚಿನ್ನುವಿನ ಅಮ್ಮನನ್ನು ಕೇಳಿ. ಒಬ್ಬರನ್ನು ‘ನೀನು’ ಎಂದು ಬರೆದರೆ ಇನ್ನೊಬ್ಬರು ತಮಗೆ ಹೇಳಿದ್ದು ಅಂದುಕೊಳ್ಳುತ್ತೀರಿ. ಅದಕ್ಕೆ ಬೇರೆ ಯಾರದೋ ಕಥೆ ಹೇಳುವ ಹಾಗೆ ನಿಮ್ಮ ಹೆಸರು ಹಿಡಿದೇ ಬರೆಯುತ್ತೇನೆ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ನಿಮ್ಮ ಅಜ್ಜ ಇದ್ದಷ್ಟು ದಿನ ಮನೆಯ ಮಾತೆಲ್ಲ ಅವರದ್ದೇ ಆಗಿತ್ತು. ನಾನು ಬಾಗಿಲ ಸಂದಿನಲ್ಲಿ ನಿಂತು ಕೇಳುವವಳು.

ಚಿನ್ನು ನನ್ನ ಮಗಳ ಮಗಳು. ಅಜ್ಜ ತೀರಿಕೊಂಡ ಮೇಲೆ ನಾನು ಇರುವುದು ಅವರ ಜೊತೆ, ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ, ಒಂದು ವಿಲ್ಲಾದ ಕೆಳಗಿನ ಭಾಗದಲ್ಲಿ. ಮೋನು ನನ್ನ ಮಗನ ಮಗ, ಚಿನ್ನುವಿಗಿಂತ ಒಂದು ವರ್ಷ ದೊಡ್ಡವನು. ಅವರ ಮನೆ ದುಬೈಯಲ್ಲಿ, ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ. ಅಲ್ಲೇ ಒಂದು ರಟ್ಟಿನ ಪೆಟ್ಟಿಗೆ ಮಾಡುವ ಫ್ಯಾಕ್ಟರಿಯಲ್ಲಿ ನನ್ನ ಮಗ ಸೂಪರ್‌ವೈಸರ್. ಪ್ರತಿ ಶನಿವಾರ ಬೆಳಿಗ್ಗೆ ಅವನು ಮೋನುವನ್ನು ಕರೆದುಕೊಂಡು ಇಲ್ಲಿಗೆ ಬರುತ್ತಿದ್ದ. ಬರುವಾಗ ಕಾರಿನ ಹಿಂದೆ ಫ್ಯಾಕ್ಟರಿಯಲ್ಲಿ ಬೇಡವೆಂದು ಬಿಟ್ಟ ರಟ್ಟಿನ ಹಾಳೆಗಳು ಇರುತ್ತಿದ್ದವು. ನಿಮ್ಮ ಆಟದ ಊರು ಕ್ರೋಫೆನ್ ಹುಟ್ಟಿದ್ದು ಆ ಹಾಳೆಗಳ ಮೇಲೆ.

ಅದು ಬೇಸಿಗೆ. ಹೊರಗೆ ಕಾಲಿಡುವ ಹಾಗಿರಲಿಲ್ಲ. ಮೋನುವಿನ ಚರಿತ್ರೆ ಪುಸ್ತಕದಲ್ಲಿ ಎಂಟು ನೂರು ವರ್ಷ ಹಿಂದಿನ ಬ್ರಿಟನ್ನಿನ ಪಾಠ ಇತ್ತು. ಕೋಟೆ, ರಾಜ, ಕುದುರೆ ಎಲ್ಲ ಇದ್ದ ಆ ಪಾಠದಲ್ಲಿ ಒಬ್ಬ ಮಾಂತ್ರಿಕನೂ ಇಲ್ಲ ಎಂದು ಅವನಿಗೆ ಬೇಸರ. ಚಿನ್ನು ಹೇಳಿದಳು, ಇದ್ದರು, ಆದರೆ ಅಡಗಿಕೊಂಡಿದ್ದರು, ಅದಕ್ಕೇ ಪುಸ್ತಕದಲ್ಲಿ ಬರಲಿಲ್ಲ ಎಂದು. ಅಲ್ಲಿಗೆ ಊರು ಶುರುವಾಯಿತು. ಒಂದು ಕಡೆ ಜೌಗು ನೆಲ, ಇನ್ನೊಂದು ಕಡೆ ಕಾಡು, ನಡುವೆ ಒಂಬತ್ತು ಮನೆ. ಒಂದು ಮನೆಯವರಿಗೆ ಮಂಜು ಇಳಿಸುವ ಮಂತ್ರ ಗೊತ್ತು, ಒಂದು ಮನೆಯವರಿಗೆ ಬಾವಿಯ ನೀರು ಏರಿಸಲು ಗೊತ್ತು, ಒಂದು ಮನೆಯವರ ಮಾತನ್ನು ಜೇನುಹುಳಗಳು ಕೇಳುತ್ತವೆ. ರಾಜನಿಗೆ ಹೀಗೊಂದು ಊರಿದೆಯೆಂದೇ ಗೊತ್ತಿಲ್ಲ. ಮಂತ್ರದಿಂದ ಏನು ಬೇಕಾದರೂ ಮಾಡಬಹುದು, ಊಟ ಮಾತ್ರ ತರಿಸಲಾಗದು ಎಂಬ ನಿಯಮ ಮೋನುವಿನದು. ಊಟ ಸುಮ್ಮನೆ ಸಿಕ್ಕಿದರೆ ಊರಿನಲ್ಲಿ ಯಾರಿಗೂ ಕೆಲಸವೇ ಇರುವುದಿಲ್ಲವಂತೆ.

ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ಬಸಳೆ ಬಿಡಿಸುತ್ತಿದ್ದೆ.

“ಅಜ್ಜಿ, ನೀವು ಸಣ್ಣದಿರುವಾಗ ಕರೆಂಟ್ ಇತ್ತಾ?” ಮೋನು ಕೇಳಿದ.

“ಇಲ್ಲ ಮಗ. ಚಿಮಿಣಿ ದೀಪ.”

“ಗ್ಯಾಸ್?”

“ಕಟ್ಟಿಗೆ ಒಲೆ.”

“ಫ್ರಿಜ್?”

“ಎಂತ ಫ್ರಿಜ್ಜೋ. ಮೀನು ಮಿಕ್ಕಿದ್ರೆ ಒಣಗಿಸುದು.”

ಅವನು ಚಿನ್ನುವಿನ ಕಡೆ ತಿರುಗಿ, “ನೋಡು, ಅಜ್ಜಿ ಮೆಡೀವಲ್, ಕೋಟೆ ಕಾಲದವರೇ. ನಮಗೆ ನೆಟ್ ಬೇಡ” ಎಂದ.

ಅವತ್ತಿನಿಂದ ನನಗೆ ಕೆಲಸ ಸಿಕ್ಕಿತು. ಮಲಗುವ ಮೊದಲು ಕೆಂಡವನ್ನು ಬೂದಿಯಲ್ಲಿ ಮುಚ್ಚಿಡಬೇಕು, ಆರಿಹೋದರೆ ತೆಂಗಿನ ಸಿಪ್ಪೆ ಹಿಡಿದುಕೊಂಡು ನೆರೆಮನೆಗೆ ಹೋಗಿ ಬೆಂಕಿ ತರಬೇಕು ಎಂದೆ.

“ಬ್ರಿಟನ್‌ನಲ್ಲಿ ತೆಂಗಿನಕಾಯಿ ಇಲ್ಲ ಅಜ್ಜಿ. ಮತ್ತೆ, ಅವರು ಮಾಂತ್ರಿಕರು. ಚಿಟಿಕೆ ಹೊಡೆದ್ರೆ ಬೆಂಕಿ ಬರ್ತದೆ,” ಎಂದಳು ಚಿನ್ನು.

“ಚಳಿಗೆ ಬೆರಳು ಮರಗಟ್ಟಿದ್ರೆ ಚಿಟಿಕೆ ಹೊಡೆಯುದು ಹೇಗೆ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದಿರಿ. ಬೆರಳು ತಣ್ಣಗಿದ್ದರೆ ಮಂತ್ರ ನಡೆಯುವುದಿಲ್ಲ ಎಂದು ಚಿನ್ನು ಆಗಲೇ ಬರೆದುಕೊಂಡಳು. ಹೀಗೆ ಕ್ರೋಫೆನ್ನಿನ ಮಾಂತ್ರಿಕರು ಓಕ್ ಮರದ ತೊಗಟೆ ಹಿಡಿದು ನೆರೆಮನೆಯಿಂದ ಕೆಂಡ ತರುವವರಾದರು. ಮಾವಿನಮಿಡಿ ಸಿಗದ್ದಕ್ಕೆ ಹುಳಿ ಸೇಬನ್ನು ಉಪ್ಪಿನಲ್ಲಿ ಹಾಕಿ ಭರಣಿ ತುಂಬಿಸಿದರು. ಬೆಳಿಗ್ಗೆ ಗಂಜಿ ಕುಡಿಯುತ್ತಾರೆ ಎಂದಾಗ ಮೋನು ನಂಬಲಿಲ್ಲ. ಮರುವಾರ ಬಂದವನು, ಆ ಕಾಲದವರು ನಿಜವಾಗಿಯೂ ಓಟ್ಸ್ ಗಂಜಿ ಕುಡಿಯುತ್ತಿದ್ದರೆಂದು ಪುಸ್ತಕದಲ್ಲಿದೆ ಎಂದು ಒಪ್ಪಿಕೊಂಡ. ಅವತ್ತು ನನಗೆ ರಟ್ಟಿನ ಬಿಲ್ಲೆಯೊಂದನ್ನು ಕತ್ತರಿಸಿ ದಾರ ಕಟ್ಟಿ ಕೊರಳಿಗೆ ಹಾಕಿದಿರಿ. ನಾನು ಕ್ರೋಫೆನ್ನಿನ ‘ಕೀಪರ್’. ಯಾವುದು ಹೇಗೆ ನಡೆಯಬೇಕು ಎಂದು ಹೇಳುವುದು ನನ್ನ ಅಧಿಕಾರ. ಚಿನ್ನುವಿನ ಅಪ್ಪ ಅದನ್ನು ನೋಡಿ, “ಕಟ್ಟಳೆಯವರೇ, ಒಂದು ಚಾ ಆಗಬಹುದಾ, ಅಥವಾ ಅದಕ್ಕೂ ಅರ್ಜಿ ಕೊಡ್ಬೇಕಾ?” ಎಂದು ಶನಿವಾರ ಶನಿವಾರ ಕೇಳುವುದಾಯಿತು. ನಾನು ಸೆರಗಿನಲ್ಲಿ ಬಿಲ್ಲೆ ಮುಚ್ಚಿಕೊಳ್ಳುತ್ತಿದ್ದೆ. ಆದರೆ ತೆಗೆದಿಡುತ್ತಿರಲಿಲ್ಲ.

ತಪ್ಪು ನಡೆದದ್ದು ಇದರ ನಂತರ, ಮತ್ತು ಅದು ನನ್ನದೇ.

ಒಂಬತ್ತು ಮನೆಗಳಲ್ಲಿ ಯಾರ್ಯಾರು ಇದ್ದಾರೆ ಎಂದು ಚಿನ್ನು ದೊಡ್ಡ ಹಾಳೆಯಲ್ಲಿ ಚಾರ್ಟ್ ಮಾಡಲು ಕೂತಳು. ಮೋನು ಆಗ ಗೋಡೆಯ ಬದಿಯಲ್ಲಿ ಕಾಡಿಗೆ ಬಣ್ಣ ಹಚ್ಚುತ್ತಿದ್ದ.

“ಹಳೇ ಕಾಲದಲ್ಲಿ ಒಂದು ಮನೆಯಲ್ಲಿ ಯಾರೆಲ್ಲ ಇರ್ತಾರೆ ಅಜ್ಜಿ?”

“ಅಜ್ಜಿ. ಅಜ್ಜಿಯ ಮಕ್ಕಳು. ಹೆಣ್ಣುಮಕ್ಕಳ ಮಕ್ಕಳು.”

“ಗಂಡುಮಕ್ಕಳ ಮಕ್ಕಳು?”

“ಅವರು ಅವರ ತಾಯಿಮನೆಯಲ್ಲಿ.”

ಅವಳು ಹಾಗೆಯೇ ಬರೆದಳು. ನಾನು ಬೆಳೆದದ್ದು ಅಂಥ ಮನೆಯಲ್ಲಿ. ನನ್ನ ಅಮ್ಮ, ದೊಡ್ಡಮ್ಮ, ಚಿಕ್ಕಮ್ಮ ಎಲ್ಲರೂ ಮಕ್ಕಳೊಂದಿಗೆ ತಾಯಿಮನೆಯಲ್ಲೇ ಇದ್ದರು. ಯಜಮಾನಿಕೆ ಅಮ್ಮನ ಅಣ್ಣನದು. ಅವನ ನಂತರ ಅದು ಅವನ ಮಕ್ಕಳಿಗಲ್ಲ, ತಂಗಿಯ ಮಕ್ಕಳಿಗೆ. ನಮ್ಮ ಕಡೆ ಇದಕ್ಕೆ ಅಳಿಯಕಟ್ಟು ಎನ್ನುತ್ತಾರೆ. ಎಲ್ಲ ಕಡೆ ಹೀಗಲ್ಲ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಹಳೇ ಕಾಲದ ಮನೆ ಎಂದ ಕೂಡಲೇ ಕಣ್ಣೆದುರು ಬಂದದ್ದು ಅದೊಂದೇ. ಬ್ರಿಟನ್ನಿನ ಮಾಂತ್ರಿಕರ ಒಂಬತ್ತು ಕುಟುಂಬಗಳನ್ನೂ ನಾನು ಒಬ್ಬಳೇ ಕೂತು ನಮ್ಮ ಅಳಿಯಕಟ್ಟಿಗೆ ಸೇರಿಸಿಬಿಟ್ಟೆ. ಯಾರೂ ಏನೂ ಹೇಳಲಿಲ್ಲ. ಚಾರ್ಟ್ ಗೋಡೆಗೆ ಏರಿತು.

ಊರಿಗೆ ಒಬ್ಬ ಹಿರಿಯ ಇದ್ದ, ಜೇನುಮನೆಯವನು. ನೆಲ ಒರೆಸುವ ಕೋಲಿಗೆ ಕಂದು ಕಾಗದ ಸುತ್ತಿ ಮಾಡಿದ ಮಂತ್ರದಂಡ ಅವನದು. ಮೋನು ಆಡುತ್ತಿದ್ದದ್ದು ಆ ಹಿರಿಯನ ಮಗನಾಗಿ, ಚಿನ್ನು ಹಿರಿಯನ ತಂಗಿಯ ಮಗಳಾಗಿ. ಚಳಿಗಾಲದ ರಜೆ ಬಂದಾಗ ಮೋನು, “ಹಿರಿಯ ಈಗ ಸಾಯ್ಬೇಕು. ಇಲ್ಲಾಂದ್ರೆ ಕಥೆ ಮುಂದೆ ಹೋಗುದಿಲ್ಲ” ಎಂದ. ಹಿರಿಯ ಸತ್ತ. ರಟ್ಟಿನ ದೋಣಿಯಲ್ಲಿ ಅವನನ್ನು ಜೌಗಿನ ಆಚೆಗೆ ಕಳಿಸಿಕೊಟ್ಟದ್ದಾಯಿತು. ಚಿನ್ನು ನಿಜವಾಗಿಯೂ ಸ್ವಲ್ಪ ಅತ್ತಳು. ಮೋನು ಎದ್ದು ಮಂತ್ರದಂಡ ಎತ್ತಿಕೊಂಡ.

“ಅದನ್ನು ಯಾಕೆ ತೆಗೆದದ್ದು?” ಎಂದಳು ಚಿನ್ನು.

“ನಾನು ಮಗ. ನನಗೇ ಅಲ್ವಾ?”

“ಚಾರ್ಟ್ ನೋಡು. ಜೇನುಮನೆಯಲ್ಲಿ ನಿನ್ನ ಹೆಸರೇ ಇಲ್ಲ.”

ಅವನು ಹೋಗಿ ನೋಡಿದ. ಜೇನುಮನೆ ಬಿಟ್ಟು ಬಾವಿಮನೆ, ಮಂಜುಮನೆ ಎಂದು ಬೆರಳಿಟ್ಟುಕೊಂಡು ಒಂಬತ್ತೂ ಮನೆ ಹುಡುಕಿದ. ಎಲ್ಲೂ ಇರಲಿಲ್ಲ. ಆರು ತಿಂಗಳು ತಾನೇ ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿದ ಊರಿನಲ್ಲಿ ಆ ಹುಡುಗನಿಗೆ ಒಂದು ಮನೆ ಇರಲಿಲ್ಲ.

“ಚಾರ್ಟ್ ರಾಂಗ್,” ಎಂದ. “ಬ್ರಿಟನ್‌ನಲ್ಲಿ ದೊಡ್ಡ ಮಗನಿಗೆ ಸಿಗುದು. ಪುಸ್ತಕದಲ್ಲಿ ಉಂಟು. ಅಜ್ಜಿ ರಾಂಗ್ ಹೇಳಿದ್ದು.”

“ಅಜ್ಜಿ ಕೀಪರ್. ಅಜ್ಜಿ ಹೇಳಿದ್ದೇ ರೂಲ್.”

“ಹಾಗಾದ್ರೆ ಮೊದಲೇ ಹೇಳ್ಬೇಕಿತ್ತು. ನೀನು ಬೇಕೂಂತ ಹಾಗೆ ಬರೆದದ್ದು.”

ಸೋಫಾದಲ್ಲಿದ್ದ ಚಿನ್ನುವಿನ ಅಪ್ಪ, “ಆಯ್ತಲ್ಲ, ಕುಟುಂಬದ ಮನೆ ಜಗಳ ಅಬುಧಾಬಿಗೂ ಬಂತು” ಎಂದರು. ದೊಡ್ಡವರೆಲ್ಲ ನಕ್ಕರು. ಮೋನು ನಗಲಿಲ್ಲ. ದಂಡವನ್ನು ನೆಲಕ್ಕಿಟ್ಟ. ಹೆಗಲಿಗೆ ಕಟ್ಟಿಕೊಂಡಿದ್ದ ಕಪ್ಪು ದುಪ್ಪಟ್ಟಾ ಬಿಚ್ಚಿ ಮಡಚಿಟ್ಟ. “ಖಲಾಸ್” ಎಂದು ಹೇಳಿ ಹೋಗಿ ಕಾರಿನಲ್ಲಿ ಕೂತ.

ನಾನು ಅಡುಗೆಮನೆಯ ಬಾಗಿಲಲ್ಲೇ ಇದ್ದೆ, ಕೈಯಲ್ಲಿ ಅಕ್ಕಿ ತೊಳೆದ ಪಾತ್ರೆ. ‘ಚಿನ್ನುವಿನ ತಪ್ಪಲ್ಲ, ನಾನು ಹೇಳಿ ಬರೆಸಿದ್ದು’ ಎಂಬ ಒಂದು ಮಾತು ಸಾಕಿತ್ತು. ಅಷ್ಟು ಜನರ ನಡುವೆ ಅದು ಬಾಯಿಗೆ ಬರಲಿಲ್ಲ.

ಮುಂದಿನ ಶನಿವಾರ ಮೋನು ಬರಲಿಲ್ಲ. ಟ್ಯೂಷನ್ ಎಂದರು. ಅದರ ಮುಂದಿನ ವಾರವೂ ಟ್ಯೂಷನ್. ಮೊದಲ ವಾರ ಚಿನ್ನು ಒಬ್ಬಳೇ ಆಡಲು ನೋಡಿದಳು, ಎರಡೂ ಸ್ವರದಲ್ಲಿ ತಾನೇ ಮಾತಾಡಿದಳು. ಎರಡನೆಯ ವಾರ ಊರಿನ ಮೇಲೆ ಒಂದು ಬೆಡ್‌ಶೀಟ್ ಹೊದೆಸಿ, “ಕ್ರೋಫೆನ್ ಕ್ಲೋಸ್ಡ್” ಎಂದಳು.

ದೊಡ್ಡವರು, ಮಕ್ಕಳಲ್ವಾ, ಸರಿಯಾಗ್ತಾರೆ ಎಂದರು. ನನಗೆ ಹಾಗೆ ಅನ್ನಿಸಲಿಲ್ಲ. ನನ್ನ ಸೋದರಮಾವನಿಗೊಬ್ಬ ಮಗನಿದ್ದ, ನನ್ನ ಓರಗೆಯವನು. ಗೇರುಬೀಜ ಹೆಕ್ಕುವುದರಿಂದ ಹಿಡಿದು ಹೊಳೆಯಲ್ಲಿ ಬೀಳುವವರೆಗೆ ನಾವಿಬ್ಬರೂ ಒಟ್ಟಿಗೆ. ದೊಡ್ಡವರ ಪಾಲುಪಟ್ಟಿಯ ಮಾತು ಬಂದ ವರ್ಷ ಒಂದು ಮಧ್ಯಾಹ್ನ ಅವನಿಗೂ ನನಗೂ ಯಾವುದೋ ಮಾತು ಬಂತು. ಯಾವ ಮಾತು ಎಂದು ಈಗ ನೆನಪೂ ಇಲ್ಲ. ನಾನು ನಾಚಿಕೆಯವಳು, ಅವನು ಹಟದವನು. ನಾಳೆ ಮಾತಾಡುವ ಎಂದುಕೊಂಡೇ ನಲವತ್ತು ವರ್ಷ ಆಯಿತು. ಕೊನೆಗೆ ಅವನ ಮಗಳ ಮದುವೆಯಲ್ಲಿ ಎದುರಾದಾಗ ಅವನು ನನ್ನನ್ನು ಯಾರೋ ನೆಂಟರೆಂದುಕೊಂಡು ಊಟ ಆಯಿತಾ ಎಂದು ಕೇಳಿ ಮುಂದೆ ಹೋದ. ನಿಮ್ಮಿಬ್ಬರಿಗೆ ಹಾಗಾಗಬಾರದು ಎಂಬುದೊಂದೇ ನನ್ನ ತಲೆಯಲ್ಲಿ ಇದ್ದದ್ದು. ಅದಕ್ಕೆ ಕಾರಣ ನಾನೇ ಆಗುವುದಂತೂ ಬೇಡ.

ಶುಕ್ರವಾರ ಮಗನಿಗೆ ಫೋನ್ ಮಾಡಿದೆ. “ನಾಳೆ ಬೆಳಿಗ್ಗೆ ಬಂದು ನನ್ನನ್ನು ನಿಮ್ಮ ಮನೆಗೆ ಕರ್ಕೊಂಡು ಹೋಗ್ತೀಯಾ?”

ಅವನು ಹೆದರಿದ. “ಎಂತಾಯ್ತಮ್ಮ, ಹುಷಾರಿಲ್ವಾ? ಅಲ್ಲಿ ಯಾರಾದ್ರೂ ಎಂತಾದ್ರೂ ಹೇಳಿದ್ರಾ?”

“ಎಂತದೂ ಇಲ್ಲ ಮಾರಾಯ. ಮೋನುವಿನ ಹತ್ರ ನಂಗೆ ಒಂದು ಕೆಲಸ ಉಂಟು.”

ನಾನಾಗಿ ಏನನ್ನಾದರೂ ಬೇಕೆಂದು ಕೇಳಿದ್ದು ಅವನ ನೆನಪಿನಲ್ಲೇ ಇರಲಿಲ್ಲವಂತೆ. ಹಾಗೆಂದು ಕಾರಿನಲ್ಲಿ ಎರಡು ಸಲ ಹೇಳಿದ. ಅವತ್ತು ದಾರಿ ತುಂಬ ಮಂಜು. ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮಂಜುಮನೆಯವರು ಎದ್ದಿದ್ದಾರೆ ಎಂದು ನನ್ನಷ್ಟಕ್ಕೇ ನಗು ಬಂತು. ಮಗ ತಿರುಗಿ ನೋಡಿ, ನಿಜವಾಗಿ ಹುಷಾರಿದ್ದೀಯಲ್ಲ ಎಂದು ಮತ್ತೆ ಕೇಳಿದ.

ಮೋನುವಿನ ಕೋಣೆ ಮುಚ್ಚಿತ್ತು. “ಎರಡು ವಾರದಿಂದ ಹೀಗೆಯೇ ಅತ್ತೆ. ಕೇಳಿದ್ರೆ ಓದ್ಲಿಕ್ಕುಂಟು ಅಂತಾನೆ” ಎಂದಳು ಸೊಸೆ. ನಾನು ಬಾಗಿಲು ತಟ್ಟಲಿಲ್ಲ. ಒಂದು ರಟ್ಟಿನ ಹಾಳೆ, ಒಂದು ಸ್ಕೆಚ್ ಪೆನ್ನು ಕೇಳಿ ಹಾಲ್‌ನ ನೆಲದಲ್ಲಿ ಕೂತು ಚಿತ್ರ ಬರೆಯಲು ಶುರು ಮಾಡಿದೆ. ಶಾಲೆ ಬಿಟ್ಟ ಮೇಲೆ ನಾನು ಬರೆದ ಮೊದಲ ಚಿತ್ರ ಅದು.

ಸ್ವಲ್ಪ ಹೊತ್ತಿಗೆ ಅವನು ನೀರು ಕುಡಿಯುವ ನೆವದಲ್ಲಿ ಹೊರಗೆ ಬಂದ. ಲೋಟ ಹಿಡಿದುಕೊಂಡು ನಿಂತ.

“ಅದೆಂತ ಅಜ್ಜಿ, ದನವಾ?”

“ಮನೆ.”

“ಮನೆಗೆ ಕಾಲು ಯಾಕೆ?”

“ಅದು ಕಂಬ.”

ಇನ್ನೂ ಸ್ವಲ್ಪ ನಿಂತ. “ಯಾರ ಮನೆ?”

“ನಿನ್ನದು.”

ಅವನು ಕೂರಲಿಲ್ಲ, ಹೋಗಲೂ ಇಲ್ಲ.

“ನೋಡು ಮೋನು,” ಎಂದೆ, “ಪುಸ್ತಕದಲ್ಲಿ ಇರುವುದು ಸುಳ್ಳಲ್ಲ. ನಾನು ಹೇಳಿದ್ದು ನನ್ನ ಅಮ್ಮನ ಮನೆಯ ಕಟ್ಟಳೆ. ಬ್ರಿಟನ್ನಿನಲ್ಲಿ ಹೇಗೆಂತ ಕೇಳದೆ ಬರೆಸಿಬಿಟ್ಟೆ. ತಪ್ಪು ನನ್ನದು, ಚಿನ್ನುವಿನದ್ದಲ್ಲ. ಬೇಡ ಅಂದ್ರೆ ಚಾರ್ಟ್ ತೆಗೆದು ಬೇರೆ ಮಾಡುವ. ಆದ್ರೆ ಒಂದು ಕೇಳು. ಆ ಚಾರ್ಟಿನಲ್ಲಿ ನಿನ್ನ ಹೆಸರು ಇರ್ಲಿಲ್ಲ ನಿಜ. ನಿನ್ನ ತಾಯಿಯ ಹೆಸರು ಇತ್ತಾ?”

ಅವನು ಯೋಚಿಸಿದ. “ಇಲ್ಲ. ನಾವು ಅವಳನ್ನು ಮಾಡ್ಲೇ ಇಲ್ಲ.”

“ಅವಳು ಯಾವುದೋ ಊರಿನವಳು ತಾನೆ? ಅವಳಿಗೂ ಒಂದು ಮನೆ ಉಂಟು. ಅವಳಿಗೊಬ್ಬ ಅಣ್ಣ ಉಂಟು.”

“ಅವನೂ ಮಾಂತ್ರಿಕನಾ?”

“ಅದು ನೀನು ಹೇಳ್ಬೇಕು.”

“ಅವನ ಹತ್ರ ದಂಡ ಉಂಟಾ?”

“ಉಂಟು. ಅವನ ನಂತರ ಅದು ತಂಗಿಯ ಮಗನಿಗೆ.”

“ಅಂದ್ರೆ ನನಗೆ.” ಲೋಟ ಕೆಳಗಿಟ್ಟ. “ಚಿನ್ನು ಅದಕ್ಕೂ ಬಂದ್ರೆ?”

“ಬರ್ಲಿಕ್ಕಿಲ್ಲ. ಅದು ಅವಳ ಮನೆ ಅಲ್ಲ.”

ಅವನು ನನ್ನ ದನದಂಥ ಮನೆಯನ್ನು ತುಂಬ ಹೊತ್ತು ನೋಡಿದ. ಆಮೇಲೆ ತನಗೆ ತಾನೇ ಹೇಳಿಕೊಳ್ಳುವ ಹಾಗೆ, “ಅವರು ಅಡಗಿ ಕೂತವರಲ್ವಾ. ರಾಜನ ರೂಲ್ ಅವರಿಗೆ ಯಾಕೆ?” ಎಂದ. ಚಾರ್ಟ್ ಹಾಗೆಯೇ ಉಳಿಯಿತು. ತೀರ್ಪು ಕೊಟ್ಟದ್ದು ಅವನೇ, ನಾನಲ್ಲ.

ಮತ್ತೆ ಅವನನ್ನು ಹಿಡಿಯಲಾಗಲಿಲ್ಲ. ಸಮುದ್ರದ ಬದಿಯಲ್ಲಿ ಊರು. ಅಲೆ ನಿಲ್ಲಿಸುವ ಮನೆ, ಮೀನು ಕರೆಯುವ ಮನೆ, ಗಾಳಿಗೆ ಗಂಟು ಹಾಕುವ ಮನೆ. ಒಟ್ಟು ಹತ್ತು ಮನೆ. “ಕ್ರೋಫೆನ್‌ಗಿಂತ ಒಂದು ಜಾಸ್ತಿ” ಎಂದ, ನಾನು ಕೇಳದೆಯೇ. ಚಾ ತಂದ ಸೊಸೆ ಬಾಗಿ ನೋಡಿ, “ತಾಯಿಮನೆ ಅಂದ ಮೇಲೆ ಅಂಗಳದಲ್ಲಿ ಒಂದು ಪೇರಳೆ ಮರ ಬೇಡ್ವಾ? ನಮ್ಮಲ್ಲಿ ಇತ್ತು” ಎಂದಳು. “ಬ್ರಿಟನ್‌ನಲ್ಲಿ ಪೇರಳೆ ಇಲ್ಲಮ್ಮ” ಎಂದ ಮೋನು. ಅವಳು ಪೇರ್ ಮರ ಎಂದು ಬದಲಾಯಿಸಿ, ಚಾ ಬದಿಗಿಟ್ಟು, ತಾನೂ ನೆಲದಲ್ಲಿ ಕೂತು ಮರಕ್ಕೆ ಎಲೆ ಬರೆಯತೊಡಗಿದಳು. ಅನ್ನಕ್ಕೆ ಇಟ್ಟದ್ದು ತಳ ಹಿಡಿಯಿತು. ಮಗ ಹೋಟೆಲಿನಿಂದ ಊಟ ತಂದ.

ಹೊರಡುವಾಗ ಮೋನು ಕೇಳಿದ, “ನಾನು ಅಲ್ಲಿಗೆ ಬಂದ್ರೆ ಅವಳು ಒಳಗೆ ಬಿಡ್ತಾಳಾ?”

“ಬಿಡ್ಬೇಕು. ಆಟದಲ್ಲಿ ನಿನ್ನ ಅಪ್ಪ ಜೇನುಮನೆಯ ಹಿರಿಯ ಆಗಿದ್ದವ. ಮನೆಯ ಗಂಡುಮಕ್ಕಳ ಮಕ್ಕಳು ಬಂದ್ರೆ ಎದ್ದು ನಿಂತು ಒಳಗೆ ಕರೀಬೇಕು.”

“ಅದು ಅವಳಿಗೆ ಗೊತ್ತುಂಟಾ?”

ಗೊತ್ತಿರಲಿಲ್ಲ. ಅದನ್ನು ಹೇಳಬೇಕಾದವಳು ನಾನೇ.

ಮನೆಗೆ ಬಂದು ಚಿನ್ನುವಿಗೆ ಹೇಳಿದೆ. ಅವಳು ಪೂರ್ತಿ ಕೇಳಿ, “ಸರಿ. ಆದ್ರೆ ನಾನು ಬೇಕೂಂತ ಬರೆದದ್ದು ಅಂತ ಹೇಳಿದ್ದಕ್ಕೆ ಅವನು ಸಾರಿ ಹೇಳ್ಬೇಕು” ಎಂದಳು. ವಾರವಿಡೀ ಅದೇ ಮಾತು. ಬೆಡ್‌ಶೀಟ್ ಮಾತ್ರ ತೆಗೆದಿದ್ದಳು.

ಆ ಶನಿವಾರ ಗೇಟಿನಲ್ಲಿ ಕಾರು ನಿಂತಿತು. ಮೋನುವಿನ ಎತ್ತರದ್ದೇ ಒಂದು ರಟ್ಟಿನ ಹಾಳೆ ತಾನಾಗಿ ನಡೆದು ಬಂದ ಹಾಗೆ ಬಂತು. ಕೆಳಗೆ ಅವನ ಚಪ್ಪಲಿ ಮಾತ್ರ ಕಾಣುತ್ತಿತ್ತು. ಬಾಗಿಲಲ್ಲಿ ಚಿನ್ನು, ಕೈಯಲ್ಲಿ ದಂಡ. ಹಿಂದೆ ಅವಳ ಅಪ್ಪ ಅಮ್ಮ, ಎದುರಿಗೆ ಮೋನುವಿನ ಅಪ್ಪ ಅಮ್ಮ.

ನಾನು ಅಡುಗೆಮನೆಯಿಂದ ಹೊರಗೆ ಬಂದೆ. ಬಿಲ್ಲೆ ಸೆರಗಿನ ಮೇಲೆಯೇ ಇತ್ತು. ಎಲ್ಲರೂ ನನ್ನನ್ನೇ ನೋಡಿದರು, ನನಗೆ ಕಿವಿ ಬಿಸಿಯಾಯಿತು.

“ಕ್ರೋಫೆನ್ನಿನ ಕಟ್ಟಳೆ,” ಎಂದೆ. ಸ್ವರ ನನ್ನದೇನಾ ಎನ್ನಿಸುವಷ್ಟು ಗಟ್ಟಿಯಾಗಿ ಬಂತು. “ನೆಂಟ ಬಂದಾಗ ದಂಡ ಕೆಳಗಿಡ್ಬೇಕು. ಬೆಲ್ಲ, ನೀರು ಕೊಡ್ಬೇಕು. ನೆಂಟ ನೀರು ಕುಡಿಯುವ ಮೊದಲು ಯಾರೂ ಜಗಳದ ಮಾತು ತೆಗೀಲಿಕ್ಕಿಲ್ಲ.”

“ಕುಡಿದ ಮೇಲೆ ತೆಗೀಬಹುದಾ?” ಚಿನ್ನುವಿನ ಅಪ್ಪ ಕೇಳಿದರು.

“ನೀವು ಸುಮ್ಮನಿರಿ,” ಎಂದೆ. ಅಳಿಯನಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ನನ್ನ ಮಗಳು ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿ ನಕ್ಕಳು.

ಚಿನ್ನು ದಂಡ ಕೆಳಗಿಟ್ಟು ಒಳಗೆ ಓಡಿದಳು. ಡಬ್ಬ ತೆಗೆಯುವ ಸದ್ದು, ಏನೋ ಬಿದ್ದ ಸದ್ದು. ತಿರುಗಿ ಬಂದಾಗ ಒಂದು ಕೈಯಲ್ಲಿ ನೀರು, ಇನ್ನೊಂದರಲ್ಲಿ ಬಟ್ಟಲು. “ಬೆಲ್ಲ ಮೇಲಿನ ಶೆಲ್ಫಿನಲ್ಲಿ ಉಂಟು ಅಜ್ಜಿ, ಕೈಗೆ ಸಿಗುದಿಲ್ಲ. ಖರ್ಜೂರ ಆಗ್ತದಾ?”

“ಆಗ್ತದೆ.”

ಮೋನು ಹಾಳೆಯನ್ನು ತನ್ನ ಅಪ್ಪನ ಕೈಗೆ ಕೊಟ್ಟು ಖರ್ಜೂರ ತಿಂದ, ನೀರು ಕುಡಿದ. ಲೋಟ ಖಾಲಿಯಾಗುವವರೆಗೆ ಚಿನ್ನು ಅವನ ಗಂಟಲನ್ನೇ ನೋಡುತ್ತಿದ್ದಳು.

“ಸಾರಿ,” ಎಂದ ಅವನು, ಲೋಟದ ಒಳಗೇ. ಆಮೇಲೆ ಕೂಡಲೇ, “ನನ್ನ ಊರಿನಲ್ಲಿ ಹತ್ತು ಮನೆ.”

ಚಿನ್ನು ಹಾಳೆಯ ಹಿಂದೆ ಹೋಗಿ ನೋಡಿದಳು. ಅಲೆ ನೋಡಿದಳು, ಗಾಳಿಯ ಗಂಟುಗಳನ್ನು ನೋಡಿದಳು, ಪೇರ್ ಮರ ನೋಡಿದಳು. ನನ್ನ ಚಿತ್ರದ ಹತ್ತಿರ ಬಂದಾಗ, “ಈ ದನ ಯಾರದ್ದು?” ಎಂದಳು.

“ಅದು ಮನೆ. ಹಾಗೆ ಕೇಳ್ಬೇಡ, ಅಜ್ಜಿ ಮಾಡಿದ್ದು,” ಮೋನು ಪಿಸುಗುಟ್ಟಿದ. ಎಲ್ಲರಿಗೂ ಕೇಳಿಸಿತು.

“ಚಂದ ಉಂಟು. ಆದ್ರೆ ನಾನು ಅಲ್ಲಿಗೆ ಬರುದು ಹೇಗೆ? ಸೇತುವೆ ಎಲ್ಲಿ?”

ಅವನು ಅದನ್ನು ಯೋಚಿಸಿರಲಿಲ್ಲ. ಇಬ್ಬರೂ ನೆಲದಲ್ಲಿ ಕೂತಿರಿ. ಚಪ್ಪಲಿ ಪೆಟ್ಟಿಗೆಯ ಮುಚ್ಚಳ ಬಂತು, ಗೋಂದು ಬಂತು. ಸೇತುವೆಯ ಅರ್ಧ ಚಿನ್ನು ಕಟ್ಟಬೇಕು, ಅರ್ಧ ಮೋನು ಕಟ್ಟಬೇಕು ಎಂದಾಯಿತು. ನಡುವೆ ಎಲ್ಲಿ ಎಂದು ಮತ್ತೆ ಜಗಳ ಶುರುವಾಯಿತು, ಆದರೆ ಅದು ಒಳ್ಳೆಯ ಜಗಳ. ಊಟಕ್ಕೆ ಮೂರು ಸಲ ಕರೆಯಬೇಕಾಯಿತು.

ಇದನ್ನೆಲ್ಲ ಬರೆದು ಮುಗಿಸುವ ಹೊತ್ತಿಗೆ ಹದಿನಾಲ್ಕು ಹಾಳೆಯಾಗಿದೆ. ಒಂದು, ಮೂರು, ಐದು ಹೀಗೆ ಬೆಸ ಹಾಳೆಗಳನ್ನು ಚಿನ್ನುವಿಗೆ ಕೊಡುತ್ತೇನೆ. ಎರಡು, ನಾಲ್ಕು, ಆರು ಹೀಗೆ ಸಮ ಹಾಳೆಗಳು ಮೋನುವಿಗೆ. ಫೋಟೋ ತೆಗೆದು ಕಳಿಸಿಕೊಳ್ಳಬಾರದು, ಇದೂ ಕಟ್ಟಳೆಯೇ. ನೀವು ದೊಡ್ಡವರಾಗುತ್ತೀರಿ, ಬೇರೆ ಬೇರೆ ದೇಶಕ್ಕೆ ಹೋಗುತ್ತೀರಿ, ಯಾವತ್ತೋ ಒಂದು ದಿನ ಮಾತು ಬಿಡುವಷ್ಟು ಸಿಟ್ಟೂ ಬರಬಹುದು. ಆಗ ಇದನ್ನು ಓದಬೇಕೆನ್ನಿಸಿದರೆ ಒಬ್ಬರು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಲೇಬೇಕು. ಒಬ್ಬರ ಪಾಲು ಕಳೆದರೆ ಇನ್ನೊಬ್ಬರ ಪಾಲೂ ಅರ್ಥವಾಗುವುದಿಲ್ಲ. ಅದಕ್ಕೆ ನಿಮ್ಮ ನಿಮ್ಮ ಹಾಳೆಗಳನ್ನು ನೀರು, ಗೆದ್ದಲು ತಾಗದ ಹಾಗೆ ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ.